ಅರಬೀ ಕುದುರೆಯ ವಂಶಾವಳಿ: ಹಲಬ್‌ನಿಂದ ಕುಣಿಗಲ್‌ವರೆಗೆ



ಈ ಲೇಖನ ಹುಟ್ಟಿದ್ದು ಮುಕ್ಕುಂದದ ಕಡೆಯಿಂದ ಬರುವ ಒಬ್ಬ ಹುಡುಗ ತರಗತಿಯಲ್ಲಿ ಕೇಳಿದ ಪ್ರಶ್ನೆಯಿಂದ. ಅಂದು ನಾನು 1520ರ ರಾಯಚೂರು ಕದನದ ಪಾಠ ಮಾಡುತ್ತಿದ್ದೆ. ಸೋತ ಇಸ್ಮಾಯಿಲ್ ಆದಿಲ್ ಶಾಹನ ಪಾಳೆಯದಲ್ಲಿ ಕೃಷ್ಣದೇವರಾಯನಿಗೆ ಹೊರ್ಮುಜ್‌ನ ನಾಲ್ಕು ಸಾವಿರ ಕುದುರೆಗಳು ಸಿಕ್ಕವು ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಆ ಹುಡುಗ ಎದ್ದು ನಿಂತು, "ಸರ, ನಮ್ಮ ಎತ್ತಿಗೂ ಹೆಸರದ. ಆ ಕುದುರಿಗಳಿಗೆ ಹೆಸರಿದ್ದಿಲ್ಲೇನ್ರಿ?" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ರೈತ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ. ಆಮೇಲೆ "ಯಾರ ಮನೀ ಆಕಳ ಕರು ಇದು?" ಎಂದು ಕೇಳುತ್ತಾನೆ. ಇದು ವಂಶಾವಳಿಯ ಪ್ರಶ್ನೆ. ಉರ್ದುವಿನಲ್ಲಿ ವಂಶಾವಳಿಗೆ 'ಶಜರಾ' ಎನ್ನುತ್ತೇವೆ. ಶಜರ್ ಎಂದರೆ ಮರ. ಕನ್ನಡದಲ್ಲಿ ವಂಶವೃಕ್ಷ, ಅಲ್ಲಿಯೂ ಮರವೇ. ಎರಡೂ ಭಾಷೆ ಕಲಿಸುವವನಿಗೆ ಇಂಥ ಹೋಲಿಕೆ ಕಂಡರೆ ಖುಷಿ. ಹಾಗಿದ್ದರೆ ಬಂಗಾರ ಸುರಿದು ಕೊಂಡ ಆ ಅರಬೀ ಕುದುರೆಗಳ ಶಜರಾ ಏನಾಯಿತು?

ಮೊದಲು ನಮ್ಮ ದೋಆಬ್‌ನ ಕಥೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ಬಹಮನಿಯವರು, ವಿಜಯನಗರದವರು, ಆದಿಲ್ ಶಾಹಿಗಳು ಸುಮಾರು ಇನ್ನೂರು ವರ್ಷ ಬಡಿದಾಡಿದರು. ಮುದಗಲ್ ಮತ್ತು ರಾಯಚೂರಿನ ಕೋಟೆಗಳು ಎಷ್ಟು ಸಲ ಕೈ ಬದಲಾಯಿಸಿದವೆಂದು ಪರೀಕ್ಷೆಯಲ್ಲಿ ಬರೆಯಲು ನಮ್ಮ ಮಕ್ಕಳೇ ತಡವರಿಸುತ್ತಾರೆ. ಆ ಯುದ್ಧಗಳಲ್ಲಿ ಸವಾರನೇ ಮುಖ್ಯ. ಸವಾರನಿಗೆ ಬೇಕಾದ ಒಳ್ಳೆಯ ಕುದುರೆ ಬರುತ್ತಿದ್ದುದು ಸಮುದ್ರದ ಆಚೆಯಿಂದ. ಅರೇಬಿಯಾ ಮತ್ತು ಇರಾನಿನ ಕುದುರೆಗಳು ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ ಗೋವಾ, ಭಟ್ಕಳಗಳಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. ಪಾರ್ಸಿಯಲ್ಲಿ ಅರಬೀ ಕುದುರೆಗೆ 'ತಾಜಿ' ಎನ್ನುತ್ತಾರೆ. ನಮ್ಮ ಕನ್ನಡದ 'ತೇಜಿ' ಅದರ ನಂಟಿನದೇ ಎಂದು ಭಾಷಾಪಂಡಿತರು ಹೇಳುತ್ತಾರೆ.

ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತ ಈ ವಿಷಯದಲ್ಲಿ ದೊಡ್ಡ ಆಧಾರ. ವ್ಯಾಪಾರಿಯಾದ್ದರಿಂದ ಅವನ ಕಣ್ಣು ಲೆಕ್ಕದ ಮೇಲೆಯೇ. ಸಾಳುವ ನರಸಿಂಹನು ಸಾವಿರ ಪರ್ದಾವ್ ಬಂಗಾರಕ್ಕೆ ಮೂರು ಕುದುರೆಗಳಂತೆ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಗೆ ಕೊಡುವಷ್ಟೇ ಹಣ ಎಣಿಸುತ್ತಿದ್ದನಂತೆ. ಯೋಚಿಸಿ ನೋಡಿ ಓದುಗರೇ, ಬಾಲಕ್ಕೆ ಬಂಗಾರ! ವ್ಯಾಪಾರಿ ಬೇರೆ ರಾಜನ ಕಡೆ ತಿರುಗಬಾರದೆಂಬ ಆತಂಕ ಅಷ್ಟಿತ್ತು. ಮುಂದೆ ರಾಯರ ಕಾಲದಲ್ಲಿ ಹೊರ್ಮುಜ್ ಕುದುರೆ ಮತ್ತು ನಾಡಕುದುರೆ ಸೇರಿ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದೂ, ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ದಳಪತಿಗಳಿಗೆ ಹಂಚುತ್ತಿದ್ದನೆಂದೂ ಅವನು ಬರೆಯುತ್ತಾನೆ.

ರಾಯಚೂರು ಕದನದ ನೆಪವೂ ಕುದುರೆಯೇ. ಗೋವಾದಲ್ಲಿ ಕುದುರೆ ಕೊಂಡು ತರಲು ಕೃಷ್ಣದೇವರಾಯನು ಸಯ್ಯದ್ ಮರಕ್ಕಾರ್ ಎಂಬ ವ್ಯಾಪಾರಿಗೆ 40,000 ಪರ್ದಾವ್ ಕೊಟ್ಟು ಕಳಿಸಿದ. ಆತ ಗೋವಾದ ಹತ್ತಿರದ ಪೋಂಡಾದಿಂದ ಹಣದ ಸಮೇತ ಆದಿಲ್ ಶಾಹನ ಆಶ್ರಯಕ್ಕೆ ಹೋದ. ರಾಯನು ಮನುಷ್ಯನನ್ನೂ ಹಣವನ್ನೂ ಒಪ್ಪಿಸೆಂದ, ಆದಿಲ್ ಶಾಹ ಒಪ್ಪಲಿಲ್ಲ. ರಾಯಚೂರಿನ ಮೇಲೆ ಕಣ್ಣು ಮೊದಲೇ ಇತ್ತೆನ್ನಿ. ಮುತ್ತಿಗೆಯಲ್ಲಿ ಬಂದೂಕು ಹಿಡಿದು ರಾಯನಿಗೆ ನೆರವಾದ ಕ್ರಿಸ್ಟೊವಾವ್ ದೆ ಫಿಗೇರೆದೊ ಕೂಡ ಕುದುರೆ ಮಾರಲು ಬಂದವನೇ. ಅದೇ ಕಾಲದಲ್ಲಿ ಬಂದ ಪಾಯೆಸ್ ಎಂಬ ಇನ್ನೊಬ್ಬ ಪೋರ್ಚುಗೀಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ವರ್ಣಿಸಿದ್ದಾನೆ. ಬೇಕಾದರೆ ಅವುಗಳಲ್ಲಿ ಕುದುರೆಯನ್ನೂ ಸಾಗಿಸಬಹುದು, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎನ್ನುತ್ತಾನೆ. ನಮ್ಮ ಹರಿಗೋಲು ಬಲ್ಲವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಮರುಭೂಮಿಯ ಕುದುರೆ ತುಂಗಭದ್ರೆಯಲ್ಲಿ ಈಜುತ್ತಿದೆ!

ಇಷ್ಟೆಲ್ಲ ಬರೆದ ನೂನಿಜ್ ಬೆಲೆ ಹೇಳುತ್ತಾನೆ, ಎಣಿಕೆ ಹೇಳುತ್ತಾನೆ. ಸೆರೆಸಿಕ್ಕ ಆ ನಾಲ್ಕು ಸಾವಿರದಲ್ಲಿ ಒಂದರ ಹೆಸರನ್ನೂ ಹೇಳುವುದಿಲ್ಲ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆನೆಯ ಹೆಸರು ಆತಶ್ ಖಾನ್ ಎಂದು ನಮಗೆ ಗೊತ್ತು. ರಾಣಾ ಪ್ರತಾಪನ ಕುದುರೆ ಚೇತಕ್ ಎಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ಆದರೆ ಚೇತಕ್‌ನ ತಂದೆ ಯಾವುದು ಎಂದು ಕೇಳಿದರೆ ಮೇಷ್ಟರೂ ಸುಮ್ಮನಾಗಬೇಕು.

ನಮ್ಮಲ್ಲಿ ಅಶ್ವವಿದ್ಯೆ ಇರಲಿಲ್ಲವೆಂದು ಇದರರ್ಥವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ಸವಿಸ್ತಾರ ವಿಚಾರವಿದೆ. ಅಭಿನವಚಂದ್ರನು ಕನ್ನಡದಲ್ಲೇ ಅಶ್ವವೈದ್ಯ ಬರೆದ. ಸಂಸ್ಕೃತದ ಶಾಲಿಹೋತ್ರ ಪಾರ್ಸಿಗೂ ಹೋಯಿತು. ಆದರೆ ಈ ವಿದ್ಯೆ ಕುದುರೆಯ ಮೈ ಓದುವ ವಿದ್ಯೆ: ಬಣ್ಣ, ಸುಳಿ, ಗೊರಸು, ಹಲ್ಲು, ದೇಶ. ಎದುರಿಗೆ ನಿಂತ ಕುದುರೆ ಹೇಗಿದೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಅದರ ಅಜ್ಜ ಯಾರೆಂದು ಕೇಳುವುದಿಲ್ಲ. ಕೇಳಿದರೂ ಕಷ್ಟವೇ ಇತ್ತು. ಹಡಗಿನಲ್ಲಿ ಬರುತ್ತಿದ್ದವು ಬಹುಪಾಲು ಗಂಡುಕುದುರೆಗಳು. ಹೆಣ್ಣುಕುದುರೆಯನ್ನು ಅರಬರು ಸುಲಭಕ್ಕೆ ಮಾರುತ್ತಿರಲಿಲ್ಲ. ನಮ್ಮ ಹವೆ, ನಮ್ಮ ಮೇವು ಬೇರೆ. ವರ್ಷ ವರ್ಷವೂ ಹೊಸ ಕುದುರೆ ಕೊಳ್ಳುವುದೇ ದಾರಿಯಾಯಿತು. ಬಂದ ಗಂಡುಗಳು ಇಲ್ಲಿನ ನಾಡ ಹೆಣ್ಣುಗಳ ಜೊತೆ ಕೂಡಿ ಮರಿಗಳೂ ಆದವು. ಭೀಮಾ ನದಿ ದಂಡೆಯ, ಮರಾಠಾ ಸವಾರರು ಮೆಚ್ಚಿದ ಭೀಮಥಡಿ ಕುದುರೆಯಲ್ಲಿ ಅರಬೀ ರಕ್ತವಿದೆ ಎನ್ನುವುದು ಇದಕ್ಕೇ. ರಕ್ತ ಉಳಿಯಿತು, ಹೆಸರು ಉಳಿಯಲಿಲ್ಲ.

ಇನ್ನು ಕುದುರೆಯ ತವರಿಗೆ ಹೋಗೋಣ. ಅರಬ ಬುಡಕಟ್ಟುಗಳಲ್ಲಿ ಓದು ಬಲ್ಲವರು ಕಡಿಮೆ. ಆದರೂ ಕುದುರೆಯ ಶಜರಾ ಮಾತ್ರ ಬಾಯಿಪಾಠ. ಅವರು ಮೆಚ್ಚಿದ ಐದು ವಂಶಗಳಿಗೆ 'ಅಲ್ ಖಮ್ಸಾ' ಎನ್ನುತ್ತಾರೆ: ಕುಹೈಲಾನ್, ಸಕ್ಲಾವಿ, ಉಬಯ್ಯಾನ್, ಹಮ್ದಾನಿ, ಹದ್ಬಾನ್. ಇವಲ್ಲದೆ ಬೇರೆ ವಂಶಗಳೂ ಇವೆ. ಬೆರಕೆಯಿಲ್ಲದ ಕುದುರೆ 'ಅಸೀಲ್'. ನಾವು ದಿನಾ ಬಳಸುವ 'ಅಸಲಿ' ಇದರ ಒಡಹುಟ್ಟು. ಮಾರುವಾಗ ಸಾಕ್ಷಿಗಳ ಮುಂದೆ ಬರೆಸಿಕೊಡುವ ಪತ್ರಕ್ಕೆ 'ಹುಜ್ಜತ್' ಎಂದು ಹೆಸರು. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಮರಿಗೆ ವಂಶದ ಹೆಸರು ಬರುವುದು ತಂದೆಯಿಂದಲ್ಲ, ತಾಯಿಯಿಂದ. ತಾಯಿ ಕುಹೈಲಾ ಆದರೆ ತಂದೆ ಯಾವ ವಂಶದವನಾದರೂ ಮರಿ ಕುಹೈಲಾನೇ.

ಈಗ ನಮ್ಮ ಕಥಾನಾಯಕ ಬರುತ್ತಾನೆ. ಸಿರಿಯಾದ ಹಲಬ್ ನಗರವನ್ನು ಇಂಗ್ಲಿಷರು ಅಲೆಪ್ಪೊ ಎನ್ನುತ್ತಾರೆ. ಅಲ್ಲಿ ವ್ಯಾಪಾರಕ್ಕಿದ್ದ ಥಾಮಸ್ ಡಾರ್ಲಿ ಎಂಬ ಆಂಗ್ಲ 1703ರ ಡಿಸೆಂಬರ್ 21ರಂದು ಯಾರ್ಕ್‌ಷೈರಿನಲ್ಲಿದ್ದ ತಮ್ಮವರಿಗೆ ಒಂದು ಕಾಗದ ಬರೆದ. ತಾನು ಕೊಂಡ ಮರಿಗುದುರೆಗೆ ಬರುವ ಮಾರ್ಚಿಗೆ ನಾಲ್ಕು ತುಂಬುತ್ತದೆ, ಬಣ್ಣ ಕೆಂಪುಕಂದು, ಮುಖದಲ್ಲಿ ಬಿಳಿ ಪಟ್ಟೆ, ಮೂರು ಕಾಲು ಬಿಳಿ ಎಂದು ಅದರಲ್ಲಿ ತಿಳಿಸಿದ. ನಮ್ಮ ಉರ್ದುವಿನಲ್ಲಿ ಆ ಬಣ್ಣಕ್ಕೆ ಕುಮೈತ್ ಎನ್ನುತ್ತೇವೆ. ಎತ್ತರ ಹದಿನೈದು ಹಿಡಿ, ಅಂದರೆ ಐದು ಅಡಿ. ಅದರ ವಂಶವನ್ನೂ ಅವನು ಮರೆಯದೆ ಬರೆದ. ಇಂಗ್ಲಿಷ್ ಕಿವಿಗೆ 'ಮನ್ನಿಕಾ' ಎಂದು ಕೇಳಿಸಿದ ಆ ಹೆಸರು 'ಮುಅನಿಕಿ' ಎಂಬ ಅರಬೀ ವಂಶದ್ದು. ಉನುಕ್ ಎಂದರೆ ಕತ್ತು. ಉದ್ದ ಕತ್ತಿನ, ವೇಗಕ್ಕೆ ಹೆಸರಾದ ವಂಶ ಅದು. ಮುನ್ನೂರು ಬಂಗಾರದ ನಾಣ್ಯಕ್ಕೆ ಮಾತಾಗಿ ಶೇಖ್ ಮಾತು ತಪ್ಪಿದ, ಕುದುರೆಯನ್ನು ಕದ್ದು ಸಾಗಿಸಿದರು ಎಂಬ ರಂಜಕ ಕಥೆಯೂ ಇದೆ. ನನಗೆ ಆ ಕಥೆಗಿಂತ ಆ ಕಾಗದ ದೊಡ್ಡದು. ಅದು ಇಲ್ಲದಿದ್ದರೆ ಈ ಕುದುರೆಯೂ ನಮ್ಮ ನಾಲ್ಕು ಸಾವಿರದಲ್ಲಿ ಒಂದಾಗಿ ಹೋಗುತ್ತಿತ್ತು.

1704ರಲ್ಲಿ ಕುದುರೆ ಇಂಗ್ಲೆಂಡ್ ತಲುಪಿತು. ಒಡೆಯನ ಮನೆತನದ ಹೆಸರಿನಿಂದ 'ಡಾರ್ಲಿ ಅರೇಬಿಯನ್' ಎನಿಸಿಕೊಂಡಿತು. ನಮ್ಮೂರಲ್ಲಿ ಬೀಜದ ಹೋರಿ ಎನ್ನುತ್ತೇವಲ್ಲ, ಹಾಗೆ ಬೀಜದ ಕುದುರೆಯಾಗಿ ಆಲ್ಡ್‌ಬಿ ಎಂಬ ಊರಿನಲ್ಲಿ ಸುಮಾರು 1706ರಿಂದ 1719ರವರೆಗೆ ಸೇವೆ ಮಾಡಿತು. ಆದರೆ ಹೊರಗಿನವರು ಹೆಚ್ಚು ಹೆಣ್ಣುಕುದುರೆಗಳನ್ನು ಅದರ ಬಳಿ ಕಳಿಸಲಿಲ್ಲ. ಮನೆಯ ಹೆಣ್ಣುಕುದುರೆಗಳೇ ಜಾಸ್ತಿ, ಅವುಗಳಲ್ಲಿ ಉತ್ತಮ ಕುಲದವು ಕೆಲವೇ. ಹಳ್ಳಿಯ ಒಂದು ಮನೆಯಲ್ಲಿ ಕಟ್ಟಿಹಾಕಿದ ಕುದುರೆ ಎನ್ನಬಹುದು.

ಅದೃಷ್ಟ ಬಂದದ್ದು ಲೆನಾರ್ಡ್ ಚೈಲ್ಡರ್ಸ್ ಎಂಬಾತ ತನ್ನ ಬೆಟ್ಟಿ ಲೀಡ್ಸ್ ಎಂಬ ಹೆಣ್ಣುಕುದುರೆಯನ್ನು ಕಳಿಸಿದಾಗ. ಆ ಜೋಡಿಗೆ ಇಬ್ಬರು ಹೆಸರಾಂತ ಗಂಡುಮಕ್ಕಳು. ಮೊದಲನೆಯವನು ಫ್ಲೈಯಿಂಗ್ ಚೈಲ್ಡರ್ಸ್, ಓಟದಲ್ಲಿ ಸೋಲೇ ಕಾಣದವನು. ಅವನ ಕೀರ್ತಿಯಿಂದ 1722ರ ವೇಳೆಗೆ ತಂದೆ ದೇಶದ ಮೊದಲ ಸಾಲಿನ ಬೀಜದ ಕುದುರೆ ಎನಿಸಿದ. ಎರಡನೆಯವನು ಬಾರ್ಟ್‌ಲೆಟ್ಸ್ ಚೈಲ್ಡರ್ಸ್. ಓಡಿಸಿದರೆ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಹಾಗಾಗಿ ಪಂದ್ಯಕ್ಕೆ ಇಳಿಸಲೇ ಇಲ್ಲ.

ಓದುಗರೇ, ಮುಂದಿನ ವಂಶ ಯಾರಿಂದ ಬೆಳೆಯಿತೆಂದು ಊಹಿಸಿ. ಗೆದ್ದ ಅಣ್ಣನಿಂದಲ್ಲ, ಓಡದ ತಮ್ಮನಿಂದ!

ಆ ತಮ್ಮನ ಮಗ ಸ್ಕ್ವರ್ಟ್, ಹುಟ್ಟಿದ್ದು 1732ರಲ್ಲಿ. ಗೊರಸಿನ ಒಳಗೆ ಉರಿಯೂತವಾಗಿ ನಿಲ್ಲಲೂ ಆಗದ ಸ್ಥಿತಿ ಬಂತು. ಗುಂಡಿಟ್ಟು ಕೊಲ್ಲಿರಿ ಎಂದ ಒಡೆಯ. ಲಾಯದ ಸೈಸ್ ಕಾಲು ಹಿಡಿದು ಬೇಡಿಕೊಂಡದ್ದರಿಂದ ಪ್ರಾಣ ಉಳಿಯಿತು ಎನ್ನುತ್ತಾರೆ. ಅವನ ಮಗ ಮಾರ್ಸ್ಕ್, 1750. ಒಡೆಯನಾದ ಕಂಬರ್‌ಲೆಂಡಿನ ಡ್ಯೂಕ್ 1765ರಲ್ಲಿ ತೀರಿಕೊಂಡಾಗ ಮಾರ್ಸ್ಕ್ ಅಗ್ಗಕ್ಕೆ ಹರಾಜಾದ, ಹಳ್ಳಿಯ ಹೆಣ್ಣುಕುದುರೆಗಳ ಪಾಲಿನ ಪುಡಿಗಾಸಿನ ಬೀಜದ ಕುದುರೆಯಾದ. ಆದರೆ ಅದಕ್ಕೂ ಮೊದಲೇ, 1764ರ ಏಪ್ರಿಲ್ 1ರ ಸೂರ್ಯಗ್ರಹಣದ ಹೊತ್ತಿಗೆ, ಅವನಿಗೊಬ್ಬ ಮಗ ಹುಟ್ಟಿದ್ದ. ಗ್ರಹಣದ ಹೆಸರನ್ನೇ ಇಟ್ಟರು: ಎಕ್ಲಿಪ್ಸ್. ಡ್ಯೂಕನ ಸಾವಿನ ನಂತರ ಮಾಂಸದ ವ್ಯಾಪಾರಿ ವೈಲ್ಡ್‌ಮನ್ ಕೊಂಡ ಈ ಕುದುರೆ 1769 ಮತ್ತು 1770ರಲ್ಲಿ ಹದಿನೆಂಟು ಪಂದ್ಯ ಓಡಿ ಹದಿನೆಂಟನ್ನೂ ಗೆದ್ದಿತು. ಆಗ ಎಲ್ಲರೂ ಇದರ ತಂದೆ ಎಲ್ಲಿ ಎಂದು ಹುಡುಕಿಕೊಂಡು ಓಡಿದರು. ಮಾರ್ಸ್ಕ್‌ನ ಶುಲ್ಕ ನೂರು ಗಿನಿಗೆ ಏರಿತು. ಎಕ್ಲಿಪ್ಸ್‌ನ ತಾಯಿ ಸ್ಪಿಲೆಟ್ಟಾ. ಅವಳ ಅಜ್ಜ ಟ್ಯುನಿಸ್‌ನಿಂದ ಫ್ರಾನ್ಸಿಗೆ ಬಂದು ಅಲ್ಲಿಂದ ಇಂಗ್ಲೆಂಡ್ ಸೇರಿದ ಗೊಡಾಲ್ಫಿನ್ ಅರೇಬಿಯನ್. ಹೀಗೆ ಪೂರ್ವದ ಎರಡು ರಕ್ತ ಒಂದೇ ಮೈಯಲ್ಲಿ ಸೇರಿದವು.

ಎಕ್ಲಿಪ್ಸ್‌ನ ಮಗನ ಹೆಸರಿನ ಕಥೆ ಹೇಳದಿದ್ದರೆ ಮೇಷ್ಟರ ಕೆಲಸ ಅಪೂರ್ಣ. 1773ರಲ್ಲಿ ಹುಟ್ಟಿದ ಅದಕ್ಕೆ ಪೊಟೇಟೋಸ್, ಅಂದರೆ ಆಲೂಗಡ್ಡೆ, ಎಂದು ಹೆಸರಿಟ್ಟರು. ಮೇವಿನ ಡಬ್ಬಿಯ ಮೇಲೆ ಬರೆಯೆಂದು ಲಾಯದ ಹುಡುಗನಿಗೆ ಹೇಳಿದರೆ ಅವನು 'ಪಾಟ್' ಎಂದು ಬರೆದು ಮುಂದೆ ಎಂಟು ಸೊನ್ನೆಯಂತೆ ಎಂಟು ಸಲ 'ಓ' ಅಕ್ಷರ ಬರೆದನಂತೆ. ಪಾಟ್, ಎಂಟು ಓ, ಕೂಡಿಸಿ ಓದಿದರೆ ಪೊಟೇಟೋಸ್! ಒಡೆಯನಿಗೆ ನಗು ಬಂದು ಹಾಗೇ ಉಳಿಸಿದ. ಇಂದಿಗೂ ವಂಶಾವಳಿಯಲ್ಲಿ ಆ ಕುದುರೆಯ ಹೆಸರಿನ ನಡುವೆ 8 ಅಂಕಿ ಇದೆ. ಶುದ್ಧ ಬರಹದಲ್ಲಿ ಸೊನ್ನೆ ಅಂಕ ಪಡೆಯುವ ನಮ್ಮ ಹುಡುಗರಿಗೆ ಈ ಕಥೆ ಬಹಳ ಇಷ್ಟವಾಯಿತು.

ಆ ವಂಶದಲ್ಲಿ ವ್ಯಾಕ್ಸಿ, ವೇಲ್‌ಬೋನ್, ಇನ್ನೂ ಅನೇಕ ತಲೆಮಾರು ದಾಟಿದರೆ 1961ರಲ್ಲಿ ಕೆನಡಾದಲ್ಲಿ ಹುಟ್ಟಿದ ನಾರ್ದರ್ನ್ ಡ್ಯಾನ್ಸರ್ ಸಿಗುತ್ತದೆ. ಇಂದಿನ ರೇಸ್ ಕುದುರೆಗಳ ವಂಶಪಟ್ಟಿ ತೆಗೆದರೆ ಅದರ ಹೆಸರು ಕಾಣದಿರುವುದು ಅಪರೂಪ. ಥರೋಬ್ರೆಡ್ ಎಂದು ಕರೆಯುವ ಈ ತಳಿಯ ನೂರು ಗಂಡುಕುದುರೆಗಳಲ್ಲಿ ಸುಮಾರು ತೊಂಬತ್ತೈದರ ತಂದೆಯ ಸಾಲು ಹಲಬ್‌ನ ಆ ಒಂದೇ ಕುದುರೆಗೆ ಮುಟ್ಟುತ್ತದೆ ಎಂದು ವಂಶವಾಹಿ ಅಧ್ಯಯನ ಹೇಳಿದೆ. ಇದು ಹೇಗೆ ಗೊತ್ತಾಯಿತು? ಬರೆದಿಟ್ಟಿದ್ದರಿಂದ. 1791ರಲ್ಲಿ ಜೇಮ್ಸ್ ವೆದರ್ಬಿ ಎಂಬಾತ ಹಳೆಯ ಪಂದ್ಯಪಟ್ಟಿ, ಮನೆತನದ ಚೀಟಿ, ಮಾರಾಟದ ಕಾಗದಗಳನ್ನು ಕೂಡಿಸಿ ಜನರಲ್ ಸ್ಟಡ್ ಬುಕ್ ಎಂಬ ವಂಶಾವಳಿ ಗ್ರಂಥದ ಮೊದಲ ರೂಪ ಪ್ರಕಟಿಸಿದ. ಆಮೇಲೆ ಅದರಲ್ಲಿ ಹೆಸರಿಲ್ಲದ ಕುದುರೆ ಕುಲವಿಲ್ಲದ ಕುದುರೆ ಎನಿಸಿತು.

ಒಂದು ತಕರಾರೂ ಇದೆ. 2017ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಗಂಡುಕುದುರೆಗಳ ವೈ ವರ್ಣತಂತು ಪರೀಕ್ಷಿಸಿ, ಥರೋಬ್ರೆಡ್‌ಗಳ ತಂದೆಯ ಸಾಲು ಅರೇಬಿಯಾಕ್ಕಿಂತ ಮಧ್ಯ ಏಷ್ಯಾದ ತುರ್ಕೊಮಾನ್ ಕುದುರೆಗಳಿಗೆ ಹತ್ತಿರವೆಂದು ತಿಳಿಸಿದರು. ಹಾಗಾದರೆ ಡಾರ್ಲಿಯ ಕಾಗದ ಸುಳ್ಳೇ? ನನಗೆ ಹಾಗೆ ಅನಿಸುವುದಿಲ್ಲ. ಮೇಲೆ ಹೇಳಿದ ಮಾತು ನೆನಪಿಸಿಕೊಳ್ಳಿ. ಅರಬರು ಮುಅನಿಕಿ ಎಂದರೆ ಅದು ತಾಯಿಯ ಕಡೆಯ ಹೆಸರು. ವೈ ವರ್ಣತಂತು ತೋರಿಸುವುದು ತಂದೆಯ ಕಡೆ ಮಾತ್ರ. ಹಲಬ್ ಎಲ್ಲ ಕಡೆಯ ಕುದುರೆ ಸೇರುವ ಸಂತೆ. ಪ್ರಯೋಗಾಲಯ ಮತ್ತು ಬೆದೂಯಿನ್ ಮುದುಕ, ಇಬ್ಬರೂ ತಮ್ಮ ತಮ್ಮ ಕಡೆಯಿಂದ ನಿಜವನ್ನೇ ಹೇಳಿರಬಹುದು.

ಇನ್ನು ಕರ್ನಾಟಕಕ್ಕೆ ಮರಳೋಣ. ಕೊಳ್ಳುವುದರ ಜೊತೆಗೆ ಇಲ್ಲೇ ಸಾಕಿ ಬೆಳೆಸಬೇಕೆಂದು ಹೊರಟವರಲ್ಲಿ ಟಿಪ್ಪು ಸುಲ್ತಾನ್ ಒಬ್ಬ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಅವನ ಅಶ್ವದಳಕ್ಕೆ ಕುದುರೆ ಬೆಳೆಸುತ್ತಿದ್ದರು. ವೆದರ್ಬಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. 1799ರ ನಂತರ ಕುಣಿಗಲ್ ಬ್ರಿಟಿಷರ ಕೈಗೆ, ಆಮೇಲೆ ಮೈಸೂರು ಅರಸರಿಗೆ, ಸ್ವಾತಂತ್ರ್ಯದ ನಂತರ ಸರ್ಕಾರಕ್ಕೆ ಬಂತು. 400 ಎಕರೆಗೂ ಹೆಚ್ಚಿನ ಆ ಕುದುರೆ ಫಾರಂ 1992ರಲ್ಲಿ ಖಾಸಗಿಯವರ ಗುತ್ತಿಗೆಗೆ ಹೋಯಿತು. ರೇಸ್ ಕುದುರೆಗಳಿಂದಲೇ ಅದರ ಹೆಸರು ದೇಶಕ್ಕೆ ಗೊತ್ತು. ಈ ದೇಶದಲ್ಲಿ ಹುಟ್ಟುವ ಥರೋಬ್ರೆಡ್ ಮರಿಗಳ ತಂದೆ ತಾಯಿ, ಬಣ್ಣ, ಗುರುತು ಎಲ್ಲವೂ ಪುಣೆಯ ವಂಶಾವಳಿ ಕಚೇರಿಯಲ್ಲಿ ದಾಖಲಾಗುತ್ತವೆ. ಕುಣಿಗಲ್‌ನಲ್ಲಿ ಹುಟ್ಟಿದ ಒಂದು ಮರಿಯ ತಂದೆಯ ಸಾಲನ್ನು ಬೆರಳಿಟ್ಟು ಮೇಲೆ ಏರುತ್ತ ಹೋದರೆ ಬಹುತೇಕ ಎಕ್ಲಿಪ್ಸ್ ಸಿಗುತ್ತಾನೆ, ಅವನ ಮೇಲೆ ರೋಗಿಷ್ಠ ಸ್ಕ್ವರ್ಟ್, ಕೊನೆಗೆ ಹಲಬ್.

ಕುದುರೆಯಿಂದಲೇ ನಮ್ಮ ನಾಡಿಗೆ ಬಂದ ಒಂದು ಮನೆತನವನ್ನೂ ಇಲ್ಲಿ ನೆನೆಯಬೇಕು. ಇರಾನಿನ ಶಿರಾಜ್‌ನ ಆಗಾ ಅಲಿ ಅಸ್ಗರ್ 1824ರಲ್ಲಿ, ಹದಿನಾರರ ಹುಡುಗ, ಕುದುರೆಗಳ ಹಿಂಡಿನೊಂದಿಗೆ ಬೆಂಗಳೂರಿಗೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಕಮಿಷನರ್ ಮಾರ್ಕ್ ಕಬ್ಬನ್ ಅವರ ಗಿರಾಕಿಗಳೂ ಸ್ನೇಹಿತರೂ ಆಗಿದ್ದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಕುದುರೆಯ ಶಜರಾ ಹುಡುಕಲು ಹೋದವನಿಗೆ ಮನುಷ್ಯರ ಶಜರಾ ಸಿಕ್ಕಿದ್ದು ಹೀಗೆ.

ಕೊನೆಯದಾಗಿ ಒಂದು ಸಂಗತಿ. ಅದು ಗೊತ್ತಾದ ದಿನ ನಾನು ಭೂಪಟ ತೆರೆದು ಬಹಳ ಹೊತ್ತು ಕುಳಿತಿದ್ದೆ. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಸವಾರ ದಳ ಪಶ್ಚಿಮ ಏಷ್ಯಾಕ್ಕೆ ಹೋಯಿತು. ಅದರಲ್ಲಿ ದಖ್ಖನಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಗೆದ್ದದ್ದನ್ನು ಪುಸ್ತಕಗಳು ಹೇಳುತ್ತವೆ. ಅಲ್ಲಿಗೇ ಅವರು ನಿಲ್ಲಲಿಲ್ಲ. ಉತ್ತರಕ್ಕೆ ಸಾಗಿ ಅಕ್ಟೋಬರ್ 26ರಂದು ಹರಿತಾನ್ ಎಂಬ ಹಳ್ಳಿಯ ಬಳಿ ಭರ್ಜಿ ಹಿಡಿದು ತುರ್ಕಿ ಪಡೆಯ ಮೇಲೆ ನುಗ್ಗಿದರು. ನಾಲ್ಕೇ ದಿನಕ್ಕೆ ತುರ್ಕಿಯೊಡನೆ ಕದನವಿರಾಮವಾಯಿತು. ಹರಿತಾನ್ ಇರುವುದು ಹಲಬ್ ನಗರದ ವಾಯವ್ಯಕ್ಕೆ ಕೆಲವೇ ಮೈಲಿ ದೂರದಲ್ಲಿ. ಆ ಕಾಲದ ಭಾರತೀಯ ಸವಾರ ದಳಗಳಲ್ಲಿ ಆಸ್ಟ್ರೇಲಿಯದಿಂದ ತರಿಸಿದ ವೇಲರ್ ಕುದುರೆಗಳೇ ಹೆಚ್ಚು, ವೇಲರ್‌ನಲ್ಲಿ ಥರೋಬ್ರೆಡ್ ರಕ್ತವಿದೆ. ಡಾರ್ಲಿ ಮರಿಗುದುರೆ ಕೊಂಡು ಇನ್ನೂರ ಹದಿನೈದು ವರ್ಷಗಳಾಗಿದ್ದವು. ಅದರ ವಂಶದವು ಕೆಲವಾದರೂ ಅಂದು ಮೈಸೂರಿನ ಸವಾರರನ್ನು ಬೆನ್ನ ಮೇಲೆ ಹೊತ್ತು, ಸಮುದ್ರಗಳನ್ನು ಸುತ್ತಿ, ಹೊರಟ ಊರಿನ ಹೊಸ್ತಿಲಿಗೇ ಬಂದು ನಿಂತಿರಬೇಕು.

ಆ ದಳಗಳ ಸ್ಮಾರಕ ದೆಹಲಿಯ ತೀನ್ ಮೂರ್ತಿಯಲ್ಲಿದೆ. ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳಿಗೆ ಒಬ್ಬೊಬ್ಬರಂತೆ ಮೂವರು ಸವಾರರ ಕಂಚಿನ ಪ್ರತಿಮೆ. ಮೂವರ ಕೈಯಲ್ಲೂ ಭರ್ಜಿ ಇದೆ. ಮೂವರೂ ನೆಲದ ಮೇಲೆ ನಿಂತಿದ್ದಾರೆ, ಕುದುರೆ ಇಲ್ಲ. ಪ್ರವಾಸಕ್ಕೆ ದೆಹಲಿಗೆ ಹೋದರೆ, ಓದುಗರೇ, ಒಮ್ಮೆ ನೋಡಿ ಬನ್ನಿ.